ಗಿರಣಗಾಂವದ ಮೂರು ಪಾಲು

1991ರ ಮಾರ್ಚ್ ತಿಂಗಳಲ್ಲಿ ಮುಂಬಯಿಗೆ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಜಾರಿಗೆ ಬಂತು. ಅದರ 58ನೆಯ ನಿಯಮ ಹತ್ತಿ ಗಿರಣಿಗಳ ಜಮೀನಿಗೆ ಸಂಬಂಧಿಸಿದ್ದು. ನಗರದಲ್ಲಿದ್ದ ಗಿರಣಿಗಳೂ 58. ಅದು ಬರೀ ಕಾಕತಾಳೀಯ. ಅಣ್ಣತಮ್ಮಂದಿರ ಪಾಲುಪಾರಿಕತ್ತಿನಷ್ಟು ಸರಳವಾಗಿತ್ತು ಆ ನಿಯಮ. ಗಿರಣಿ ಮಾಲೀಕ ತನ್ನ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕೆಂದರೆ ಅದನ್ನು ಹೆಚ್ಚುಕಡಿಮೆ ಮೂರು ಪಾಲು ಮಾಡಬೇಕು. ಒಂದು ಪಾಲು ಮಹಾನಗರ ಪಾಲಿಕೆಗೆ, ಉದ್ಯಾನ ಮೈದಾನಗಳಿಗಾಗಿ. ಒಂದು ಪಾಲು ರಾಜ್ಯದ ಗೃಹನಿರ್ಮಾಣ ಮಂಡಳಿಯಾದ ಮ್ಹಾಡಾಕ್ಕೆ, ಸಾಮಾನ್ಯರ ಮನೆಗಳಿಗಾಗಿ. ಉಳಿದದ್ದು ಮಾಲೀಕನದು. ಅವನು ಅಲ್ಲಿ ಕಚೇರಿ ಕಟ್ಟಲಿ, ಅಂಗಡಿ ಕಟ್ಟಲಿ, ಫ್ಲ್ಯಾಟು ಕಟ್ಟಿ ಮಾರಲಿ, ಅವನಿಷ್ಟ. ಜಮೀನು 10 ಹೆಕ್ಟೇರಿಗಿಂತ ದೊಡ್ಡದಾದರೆ ಪಾಲು 33, 37, 30 ಎಂದು. ಸಣ್ಣದಾದರೆ ಮಾಲೀಕನಿಗೆ ಕೊಂಚ ಹೆಚ್ಚು.

ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಎಲ್ಲ ಗಿರಣಿಗಳ ಜಮೀನು ಕೂಡಿಸಿದರೆ ಸುಮಾರು 600 ಎಕರೆ. ಅದೂ ಎಲ್ಲಿ? ಜಾಗ ಸಾಲದೆ ಸಮುದ್ರಕ್ಕೆ ಮಣ್ಣು ತುಂಬುತ್ತ ಬಂದ ಊರಿನ ನಟ್ಟನಡುವೆ, ಎರಡು ರೈಲು ಮಾರ್ಗಗಳ ಮಗ್ಗುಲಲ್ಲಿ. ಅಷ್ಟು ನೆಲ ಅಂಥ ಕಡೆ ಒಟ್ಟಿಗೆ ಸಿಗುವುದು ಯಾವ ನಗರಕ್ಕೂ ಶತಮಾನಕ್ಕೊಮ್ಮೆ. ಕಚೇರಿ, ಮನೆ, ಅಂಗಡಿ, ಮೈದಾನ ಎಲ್ಲವನ್ನೂ ಹದವಾಗಿ ಹೊಂದಿಸಿ ಹೊಸ ನಗರಕೇಂದ್ರ ಕಟ್ಟಬಹುದಿತ್ತು. ಇವತ್ತು ಆ ಗಿರಣಿಗಳಿದ್ದ ಲೋವರ್ ಪರೇಲಿಗೆ ಹೋದರೆ ಕಚೇರಿಯೂ ಇದೆ, ಮಾಲೂ ಇದೆ, ಕತ್ತೆತ್ತಿ ನೋಡಬೇಕಾದ ಮನೆಗಳೂ ಇವೆ. ಒಂದೊಂದನ್ನೇ ನೋಡಿದರೆ ಯಾವುದಕ್ಕೂ ಕೊರತೆಯಿಲ್ಲ. ಅವು ಒಂದರ ಪಕ್ಕ ಒಂದು ಇರುವುದಷ್ಟೇ, ಒಂದಕ್ಕೊಂದು ಒದಗುವುದಿಲ್ಲ.

ಗಿರಣಿಗಳು ಇಲ್ಲಿಗೆ ಬಂದ ಕಾಲದಿಂದ ಹೇಳಬೇಕು. ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ವ್ಯಾಪಾರಿ 1854ರಲ್ಲಿ ಕಂಪನಿ ಕಟ್ಟಿ, ತಾಡದೇವದಲ್ಲಿ ನೂಲಿನ ಗಿರಣಿ ನಿಲ್ಲಿಸಿದ. 1856ರಲ್ಲಿ ಅದು ಓಡತೊಡಗಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿ ಮುಂಬಯಿಗೆ ಹಣದ ಹೊಳೆ ಹರಿಯಿತು. ಆಮೇಲೆ ಭಾಯಖಳಾ, ಚಿಂಚಪೋಕಳಿ, ಲಾಲಬಾಗ್, ಪರೇಲ್, ವರಳಿ, ಶಿವಡಿಗಳಲ್ಲಿ ಚಿಮಣಿಗಳು ಒಂದೊಂದಾಗಿ ಎದ್ದವು. ಕೊಂಕಣದಿಂದ, ಘಟ್ಟದ ಮೇಲಿನ ಸಾತಾರಾ ಕಡೆಯಿಂದ ಜನ ಬಂದು ತುಂಬಿದರು. ಆ ಸೀಮೆಗೆ ಗಿರಣಗಾಂವ್, ಅಂದರೆ ಗಿರಣಿಯ ಊರು ಎಂದೇ ಹೆಸರು ಬಿತ್ತು.

ಗಿರಣಿಯಲ್ಲಿ ಬದಲಿ ಕಾರ್ಮಿಕರು ಅಂತ ಇರುತ್ತಿದ್ದರು. ಕಾಯಂ ನೌಕರ ಗೈರುಹಾಜರಾದ ದಿನ ಮಾತ್ರ ಅವರಿಗೆ ಕೆಲಸ. ಬೆಳಗ್ಗೆ ಗೇಟಿನ ಮುಂದೆ ನಿಂತಿದ್ದವನಿಗೆ ಕೂಲಿ. ತಡವಾಗಿ ಬಂದವನಿಗೆ ಇಲ್ಲ. ಹೀಗಿರುವಾಗ ಗೇಟಿನ ಹತ್ತಿರ ಮನೆ ಮಾಡುವುದು ಹೊಟ್ಟೆಪಾಡಿನ ಪ್ರಶ್ನೆ, ಅನುಕೂಲದ್ದಲ್ಲ. ಗಿರಣಿಯ ಗೋಡೆಗೆ ಒತ್ತಿಕೊಂಡೇ ಚಾಳುಗಳು ಎದ್ದದ್ದು ಅದಕ್ಕೆ. 1896ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದಾಗ ಸರ್ಕಾರಕ್ಕೆ ಎಚ್ಚರವಾಯಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡೈರೆಕ್ಟರೇಟ್ ಬಂತು. ಅದು ವರಳಿ, ನಾಯಗಾಂವ್, ಶಿವಡಿ, ಡಿಲಾಯಲ್ ರೋಡುಗಳಲ್ಲಿ 207 ಕಾಂಕ್ರೀಟ್ ಚಾಳುಗಳನ್ನು ಕಟ್ಟಿತು. ನೆಲಮಹಡಿಯ ಮೇಲೆ ಮೂರು ಅಂತಸ್ತು, ಒಂದು ಕಟ್ಟಡಕ್ಕೆ 80 ಕೋಣೆ, ಒಂದು ಕೋಣೆ 160 ಚದರಡಿ. ಶೌಚಾಲಯ ಅಂತಸ್ತಿನ ಕೊನೆಯಲ್ಲಿ, ಎಲ್ಲರಿಗೂ ಸೇರಿ.

ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಗಂಡಸರು ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಇರುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ. ಊಟಕ್ಕೆ ಖಾನಾವಳಿ. ಅದನ್ನು ನಡೆಸುತ್ತಿದ್ದವರು ಪಕ್ಕದ ಕೋಣೆಯ ಹೆಂಗಸರೇ, ತಿಂಗಳ ಲೆಕ್ಕದಲ್ಲಿ. ಪ್ರೇಮಾ ಪುರವ್ 1975ರಲ್ಲಿ ಇವರನ್ನೇ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಬೀದಿಯ ನೆಲಮಹಡಿಯಲ್ಲಿ ಕಿರಾಣಿ, ಕ್ಷೌರದಂಗಡಿ, ಸೈಕಲ್ ರಿಪೇರಿ, ವ್ಯಾಯಾಮಶಾಲೆ, ಗಣಪತಿ ಮಂಡಳಿಯ ಕಚೇರಿ. ಈಗ ದೇಶಕ್ಕೆಲ್ಲ ಗೊತ್ತಿರುವ ಲಾಲಬಾಗಚಾ ರಾಜಾ ಗಣಪತಿಯೂ ಒಂದು ಸಂತೆಯ ಹರಕೆಯೇ. ಕೂರಲು ಜಾಗವಿಲ್ಲದಾಗಿದ್ದ ಮೀನುಗಾರರೂ ವ್ಯಾಪಾರಿಗಳೂ ತಮಗೆ ಕಾಯಂ ಮಾರುಕಟ್ಟೆ ಸಿಕ್ಕ ಸಂತೋಷಕ್ಕೆ 1934ರಲ್ಲಿ ಅದನ್ನು ಕೂರಿಸಿದರು.

ಲಾಲಬಾಗಿನ ಮೆಣಸಿನಕಾಯಿ ಗಲ್ಲಿ ಈಗಲೂ ಇದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಮೂಗಿಗೆ ಬಟ್ಟೆ ಹಿಡಿಯಬೇಕು. ವರ್ಷದ ಮಸಾಲೆ ಮಾಡಿಸಲು ಹೆಂಗಸರು ಚೀಲ ಹಿಡಿದು ಬಂದಿರುತ್ತಾರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಎಂದು ಅಂಗಡಿಯವನು ತೂಗಿ ಕೊಡುತ್ತಾನೆ. ನಮ್ಮ ಹಾವೇರಿ, ಬೆಳಗಾವಿ ಜಿಲ್ಲೆಗಳ ಹೆಸರು ಹೊತ್ತ ಕಾಯಿ ಪರೇಲಿನ ಸಾರಿಗೆ ಬೀಳುತ್ತದೆ. ಹುರಿಯುವುದಕ್ಕೆ ಒಂದು ಕಡೆ, ಕುಟ್ಟುವುದಕ್ಕೆ ಇನ್ನೊಂದು ಕಡೆ. ಗಿರಣಿಗಳು ಹೋದ ಮೇಲೂ ಆ ಸೀಮೆಯಲ್ಲಿ ಹಳೆಯ ಗಿರಾಕಿಗಳನ್ನೇ ನಂಬಿ ಉಳಿದ ವ್ಯಾಪಾರ ಇಂಥದ್ದು.

ಈ ಹಳೆಯ ಗಿರಣಗಾಂವವನ್ನು ನೆನೆದು ಕಣ್ಣೀರು ಹಾಕುವ ಬರಹಗಳು ಮರಾಠಿಯಲ್ಲಿ ಬಹಳ ಇವೆ. ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗಿದೊಡನೆ ಬೀದಿ ತುಂಬುತ್ತಿದ್ದದ್ದು, ಶಾಹೀರರ ಹಾಡು, ದಾಮೋದರ ಹಾಲಿನ ನಾಟಕ ಎಲ್ಲ ನಿಜವೇ. ಕೆಲಸ, ಮನೆ, ಪೇಟೆ ಕಾಲ್ನಡಿಗೆಯ ದೂರದಲ್ಲೇ ಇದ್ದವು ಎಂಬುದೂ ನಿಜ. ಇಂದಿನ ನಗರ ಯೋಜಕರು ಇದನ್ನೇ ಮಿಶ್ರ ಬಳಕೆ ಎಂದು ಹಾಡಿ ಹೊಗಳುತ್ತಾರೆ. ಆದರೆ ಯಾವ ಯೋಜಕನೂ ಅದನ್ನು ಹೊಂದಿಸಿದ್ದಲ್ಲ. ಭೋಂಗಾ ಮತ್ತು ಕೂಲಿ ಎರಡೂ ಸೇರಿ ಹಾಗೆ ಹೊಂದಿಸಿದ್ದವು. 160 ಚದರಡಿಯಲ್ಲಿ ಹನ್ನೆರಡು ಮಂದಿ ಇರಲು ಒಪ್ಪಿದ್ದರಿಂದ ಆ ನಗರಕೇಂದ್ರ ಎಲ್ಲರಿಗೂ ಎಟುಕುತ್ತಿತ್ತು.

ಇತ್ತ ಕಚೇರಿಗಳ ಕಥೆ ಬೇರೆಯೇ ದಿಕ್ಕಿಗೆ ಹೊರಟಿತ್ತು. ಅವೆಲ್ಲ ದ್ವೀಪದ ದಕ್ಷಿಣ ತುದಿಯ ಫೋರ್ಟಿನಲ್ಲಿ ಕಿಕ್ಕಿರಿದಿದ್ದವು. ಊರು ಉತ್ತರಕ್ಕೆ ಬೆಳೆಯುತ್ತ ಹೋದಂತೆ, ಬೆಳಗ್ಗೆ ಇಡೀ ಮುಂಬಯಿ ದಕ್ಷಿಣಕ್ಕೆ, ಸಂಜೆ ಇಡೀ ಮುಂಬಯಿ ಉತ್ತರಕ್ಕೆ. 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ಮೂವರೂ 'ಮಾರ್ಗ್' ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು: ಖಾರಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟಿ, ಸರ್ಕಾರಿ ಕಚೇರಿಗಳನ್ನು ಮೊದಲು ಅಲ್ಲಿಗೆ ಒಯ್ಯಿರಿ, ಉಳಿದವು ಹಿಂಬಾಲಿಸುತ್ತವೆ. ಸರ್ಕಾರ ಅರ್ಧ ಒಪ್ಪಿತು. 1970ರಲ್ಲಿ ಹೊಸ ನಗರ ಕಟ್ಟುವ ನಿಗಮವಾದ ಸಿಡ್ಕೊ ಹುಟ್ಟಿತು, ನವಿ ಮುಂಬಯಿ ಮೇಲೆದ್ದಿತು. ಆದರೆ ಸಚಿವಾಲಯ ಕದಲಲಿಲ್ಲ. ಅದರ ಬಗಲಲ್ಲೇ ಸಮುದ್ರ ತುಂಬಿಸಿ ನರಿಮನ್ ಪಾಯಿಂಟಿನಲ್ಲಿ ಕಚೇರಿ ಗೋಪುರಗಳ ಸಾಲನ್ನೇ ಎಬ್ಬಿಸಲಾಯಿತು. ಒಂದು ಕೈಯಲ್ಲಿ ಕಚೇರಿಗಳನ್ನು ಹೊರಗೆ ಕರೆದು, ಇನ್ನೊಂದು ಕೈಯಲ್ಲಿ ಅವುಗಳಿಗೆ ಒಳಗೇ ಜಾಗ ತುಂಬಿಸಿ ಕೊಟ್ಟ ಹಾಗಾಯಿತು. ಬಾಂದ್ರಾ–ಕುರ್ಲಾ ಸಂಕೀರ್ಣ ಬಂದು ಆ ಹೊರೆ ಇಳಿಸಲು ಇನ್ನೂ ಬಹಳ ಕಾಲ ಹಿಡಿಯಿತು.

ಮನೆಗಳದ್ದು ಇನ್ನೊಂದು ಗೋಳು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನ ನೆಲೆ ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಚಾಳಿನ ಒಡೆಯ ಸುಣ್ಣಬಣ್ಣ ನಿಲ್ಲಿಸಿದ, ಆಮೇಲೆ ತೊಲೆ ಬದಲಾಯಿಸುವುದನ್ನೂ ನಿಲ್ಲಿಸಿದ. ಕೋಣೆ ಬಿಟ್ಟುಕೊಡಬೇಕಾದರೆ ಪಗಡಿ, ಅಂದರೆ ಬಾಡಿಗೆಯ ಹೊರಗೆ ಕೈಗೆ ಕೊಡುವ ದೊಡ್ಡ ಮೊತ್ತ. ಬಾಡಿಗೆಗೆಂದು ಹೊಸದಾಗಿ ಮನೆ ಕಟ್ಟುವವರು ಅಪರೂಪವಾದರು. ಅಂತೂ 1980ರ ಹೊತ್ತಿಗೆ ಗಿರಣಗಾಂವದ ಚಾಳುಗಳು ಬೀಳುವುದಕ್ಕಿದ್ದವು, ಗಿರಣಿಗಳ ಯಂತ್ರಗಳು ತುಕ್ಕು ಹಿಡಿದಿದ್ದವು. ಆದರೆ ಎರಡೂ ನಿಂತಿದ್ದ ನೆಲದ ಬೆಲೆ ಮಾತ್ರ ಏರುತ್ತಲೇ ಇತ್ತು.

1982ರ ಜನವರಿ 18. ಡಾ. ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಕೂಲಿ, ಬೋನಸ್ಸಿನ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ತಮ್ಮ ಪರವಾಗಿ ಮಾತಾಡಲು ಕಾನೂನಿನ ಮನ್ನಣೆಯಿದ್ದ ಏಕೈಕ ಸಂಘವಾದ ರಾಷ್ಟ್ರೀಯ ಮಿಲ್ ಮಜದೂರ್ ಸಂಘವನ್ನು ಬದಲಾಯಿಸಬೇಕು. ಮಾಲೀಕರೂ ಬಗ್ಗಲಿಲ್ಲ, ಸರ್ಕಾರವೂ ಬಗ್ಗಲಿಲ್ಲ. ತಿಂಗಳುಗಟ್ಟಲೆ ಎಳೆದ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂದೆಗೆದುಕೊಳ್ಳಲೇ ಇಲ್ಲ. ಜನ ಊರಿಗೆ ಹೋದರು, ತರಕಾರಿ ಗಾಡಿ ತಳ್ಳಿದರು. ಕೆಲವರು ಮರಳಿದರು, ಬಹಳ ಮಂದಿಗೆ ಮರಳಲು ಕೆಲಸವೇ ಇರಲಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ 13 ಗಿರಣಿಗಳನ್ನು ವಶಕ್ಕೆ ತೆಗೆದುಕೊಂಡಿತು; ಮೊದಲೇ ರಾಷ್ಟ್ರೀಕರಣವಾಗಿದ್ದವೂ ಸೇರಿ 25 ಗಿರಣಿ ರಾಷ್ಟ್ರೀಯ ಜವಳಿ ನಿಗಮದ ಪಾಲಾದವು. ಖಾಸಗಿಯವು 32, ರಾಜ್ಯ ಸರ್ಕಾರದ್ದು ಒಂದು. ಮುಷ್ಕರವೇ ಗಿರಣಿಗಳನ್ನು ಕೊಂದಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಭಿವಂಡಿಯ ವಿದ್ಯುತ್ ಮಗ್ಗಗಳು ಆಗಲೇ ಅಗ್ಗದ ಬಟ್ಟೆ ನೇಯ್ದು ಪೇಟೆ ಹಿಡಿದಿದ್ದವು. ಬಟ್ಟೆಗಿಂತ ನೆಲವೇ ಹೆಚ್ಚು ಕೊಡುತ್ತದೆ ಎಂದು ಮಾಲೀಕರಿಗೆ ಲೆಕ್ಕ ಸಿಕ್ಕಿಯಾಗಿತ್ತು. ಮುಷ್ಕರ ಅವರಿಗೆ ನೆಪವನ್ನೂ ವೇಳೆಯನ್ನೂ ಒದಗಿಸಿತು.

ಆ ಹಿನ್ನೆಲೆಯಲ್ಲಿ ಬಂದದ್ದು 1991ರ ಪಾಲು. ಜಮೀನು ಮಾರಿ ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಕಾರ್ಮಿಕರ ಬಾಕಿ ತೀರಿಸಬೇಕು, ಗಿರಣಿಗೆ ಜೀವ ತುಂಬಬೇಕು ಎಂಬುದು ಅದರ ಉದ್ದೇಶ. ಆದರೆ ನಿಯಮದಲ್ಲೊಂದು ಕಿಂಡಿಯಿತ್ತು. ಗಿರಣಿ ಕೆಡವಿದರೆ ಮೂರು ಪಾಲು. ಕೆಡವದೆ, ಇರುವ ಷೆಡ್ಡಿನೊಳಗೇ ಬೇರೆ ಉಪಯೋಗ ಮಾಡಿಕೊಂಡರೆ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಮೂರರಲ್ಲಿ ಎರಡು ಪಾಲು ಬಿಟ್ಟುಕೊಟ್ಟು ಕಟ್ಟಲು ಯಾವ ಮಾಲೀಕ ಮುಂದೆ ಬರುತ್ತಾನೆ? ಹತ್ತು ವರ್ಷ ಹೆಚ್ಚಿನವರು ಸುಮ್ಮನೆ ಕೂತರು. ಬುದ್ಧಿವಂತರು ಷೆಡ್ಡಿಗೆ ಬಣ್ಣ ಹೊಡೆಸಿದರು.

ಹಾಗಾಗಿ ಗಿರಣಗಾಂವಕ್ಕೆ ಮೊದಲು ಬಂದದ್ದು ಮನೆಯಲ್ಲ, ಕಚೇರಿಯೂ ಅಲ್ಲ, ಅಂಗಡಿ. ಗರಗಸದ ಹಲ್ಲಿನಂಥ ಛಾವಣಿ, ಉತ್ತರದ ಬೆಳಕು, ಬೀಡುಕಬ್ಬಿಣದ ಕಂಬಗಳ ನಡುವೆ ವಿಶಾಲ ಜಾಗ: ನೂಲಿನ ಯಂತ್ರಕ್ಕೆ ಮಾಡಿದ್ದು ಶೋರೂಮಿಗೂ ಒಗ್ಗಿತು. ರಘುವಂಶಿ ಮಿಲ್ಲಿನಲ್ಲಿ ಪೀಠೋಪಕರಣದ ಮಳಿಗೆಗಳು ಬಂದವು. ಕಮಲಾ ಮಿಲ್ಲಿನಲ್ಲಿ, ತೋಡಿ ಮಿಲ್ಲಿನಲ್ಲಿ ಜಾಹೀರಾತು ಕಂಪನಿಗಳು, ಸ್ಟುಡಿಯೋಗಳು, ಆಮೇಲೆ ಪಬ್ಬುಗಳು. ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ 1990ರ ದಶಕದ ಕೊನೆಗೆ ಬೌಲಿಂಗ್ ಆಟದ ಅಂಗಣ ತೆರೆಯಿತು. ಕಾರ್ಮಿಕರ ಮನರಂಜನೆಯ ಹೆಸರಿನಲ್ಲಿ ಇದಕ್ಕೆ ಅನುಮತಿ ಪಡೆಯಲಾಗಿದೆ ಎಂದು ಗಿರಣಿ ಕಾರ್ಮಿಕರ ಸಂಘಟನೆಗಳು ಬೀದಿಗಿಳಿದವು. ನೇಕಾರ ಕೈಗೆ ಭಾರದ ಚೆಂಡು ಹಿಡಿದು ಮರದ ಗೊಂಬೆ ಉರುಳಿಸುವ ಚಿತ್ರ ಆ ಕಾಲದ ಮುಂಬಯಿಯಲ್ಲಿ ಮನೆಮಾತಿನ ತಮಾಷೆಯಾಗಿತ್ತು. ಅದೇ ಆವರಣ ಮುಂದೆ ಹೈ ಸ್ಟ್ರೀಟ್ ಫೀನಿಕ್ಸ್ ಆಯಿತು. ಅಗ್ಗದ ದಿನಸಿಯ ಬಿಗ್ ಬಜಾರೂ ಅಲ್ಲಿತ್ತು, ಆಮೇಲೆ ವಿದೇಶಿ ಬ್ರಾಂಡುಗಳ ಪೆಲಾಡಿಯಂ ಕೂಡ ಬಂತು. ಗಿರಣಿಯ ಚಿಮಣಿಯನ್ನು ಮಾತ್ರ ಅಂದಕ್ಕೆಂದು ಉಳಿಸಿಕೊಂಡರು.

ಇಷ್ಟರೊಳಗೆ ಒಬ್ಬರು ಇಡೀ ಜಾಗವನ್ನು ಒಂದೇ ನಕ್ಷೆಯಾಗಿ ನೋಡಿದ್ದರು. 1996ರಲ್ಲಿ ರಾಜ್ಯ ಸರ್ಕಾರ ಚಾರ್ಲ್ಸ್ ಕೊರಿಯಾ ನೇತೃತ್ವದಲ್ಲಿ ಅಧ್ಯಯನ ತಂಡವನ್ನು ನೇಮಿಸಿತು. ಸಾರ್ವಜನಿಕ ವಲಯದ ಗಿರಣಿಗಳಷ್ಟೇ ಅವರ ವ್ಯಾಪ್ತಿಗೆ ಸಿಕ್ಕವು. ಅಷ್ಟರಲ್ಲೇ ಅವರು ಮುಖ್ಯವಾದ ಒಂದು ಮಾತು ಹೇಳಿದರು: ಪ್ರತಿ ಗಿರಣಿಯನ್ನೂ ಬೇರೆಬೇರೆಯಾಗಿ ಮೂರು ತುಂಡು ಮಾಡಿದರೆ ಮೂಲೆಮೂಲೆಯಲ್ಲಿ ಕರವಸ್ತ್ರದಗಲದ ಉದ್ಯಾನಗಳು ಸಿಗುತ್ತವೆ, ಅವುಗಳಿಗೆ ದಾರಿಯೂ ಇರುವುದಿಲ್ಲ. ಅಕ್ಕಪಕ್ಕದ ಗಿರಣಿಗಳ ಜಮೀನನ್ನು ಮೊದಲು ಒಟ್ಟುಗೂಡಿಸಿ, ಆಮೇಲೆ ಪಾಲು ಹಾಕಿ. ಆಗ ಮೈದಾನ ಒಂದೇ ಕಡೆ ದೊಡ್ಡದಾಗಿ ಬರುತ್ತದೆ, ಹೊಸ ರಸ್ತೆಗಳನ್ನು ತೆಗೆಯಬಹುದು, ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳ ಸುತ್ತ ಜನ ಇಳಿದು ಹರಡಿಕೊಳ್ಳಲು ಜಾಗ ಬಿಡಬಹುದು. ವರದಿ ಸಲ್ಲಿಕೆಯಾಯಿತು. ಕಪಾಟು ಸೇರಿತು.

ಐದು ವರ್ಷಕ್ಕೆ ಬಂದದ್ದು ತದ್ವಿರುದ್ಧ ಉತ್ತರ. 2001ರಲ್ಲಿ, ವಿಲಾಸರಾವ್ ದೇಶಮುಖ್ ಮುಖ್ಯಮಂತ್ರಿಯಾಗಿದ್ದಾಗ, 58ನೆಯ ನಿಯಮಕ್ಕೆ ತಿದ್ದುಪಡಿಯಾಯಿತು. ಪಾಲಿಗೆ ಬರುವುದು ಇಡೀ ಜಮೀನಲ್ಲ, ಖಾಲಿ ಜಾಗ ಮಾತ್ರ. ಗಿರಣಿ ಎಂದರೇನು? ಕಾಂಪೌಂಡಿನ ತುಂಬ ಷೆಡ್ಡು. ಷೆಡ್ಡು ನಿಂತ ನೆಲ ಖಾಲಿ ಜಾಗವಲ್ಲ. ನಾಳೆ ಕೆಡವಿದರೂ ಅದು ಲೆಕ್ಕಕ್ಕೆ ಬಾರದು. ಊರಿಗೂ ಮ್ಹಾಡಾಕ್ಕೂ ಸೇರಿ 400 ಎಕರೆ ಬರಬೇಕಿದ್ದ ಕಡೆ 60 ಎಕರೆಯ ಆಸುಪಾಸು ಬರುತ್ತದೆ ಎಂಬುದು ವಿರೋಧಿಸಿದವರ ಲೆಕ್ಕಾಚಾರ. ಕಾರ್ಮಿಕರಿಗೆ ಮನೆ ಕೊಡುವ ಭರವಸೆಯೂ ಇದೇ ತಿದ್ದುಪಡಿಯಲ್ಲಿ ಸೇರಿತು ಎಂಬುದನ್ನು ಗಮನಿಸಬೇಕು. ಮನೆ ಕಟ್ಟುವ ನೆಲವನ್ನು ಕಿರಿದು ಮಾಡಿ, ಅದೇ ಹಾಳೆಯಲ್ಲಿ ಮನೆಯ ಹಕ್ಕನ್ನು ಬರೆದುಕೊಟ್ಟರು.

2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಐದು ಗಿರಣಿಗಳನ್ನು ಹರಾಜಿಗಿಟ್ಟಿತು. ಮುಂಬಯಿ ಟೆಕ್ಸ್‌ಟೈಲ್ ಮಿಲ್ 702 ಕೋಟಿ ರೂಪಾಯಿಗೆ, ಎಲ್ಫಿನ್‌ಸ್ಟನ್ 441, ಕೊಹಿನೂರ್ 421, ಜುಪಿಟರ್ 276, ಅಪೊಲೊ 180. ಒಟ್ಟು 2,020 ಕೋಟಿ. ಕೊಹಿನೂರನ್ನು ಕೊಂಡವರಲ್ಲಿ ಶಿವಸೇನೆಯ ಮಾಜಿ ಮುಖ್ಯಮಂತ್ರಿ ಮನೋಹರ ಜೋಶಿಯವರ ಮಗನ ಸಂಸ್ಥೆಯೂ, ರಾಜ್ ಠಾಕ್ರೆ ಪಾಲುದಾರರಾಗಿದ್ದ ಸಂಸ್ಥೆಯೂ ಇದ್ದವು. ಗಿರಣಗಾಂವದ ಮರಾಠಿ ಕಾರ್ಮಿಕನ ಹೆಸರಿನಲ್ಲಿ ಬೆಳೆದ ಪಕ್ಷದ ನೆಂಟಸ್ತಿಕೆ ಕೊನೆಗೆ ಗಿರಣಿಯ ನೆಲದವರೆಗೂ ಬಂತು ಎನ್ನದೆ ವಿಧಿಯಿಲ್ಲ. ಆದರೆ ಈ ಬೆಲೆಗಳನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಇಷ್ಟು ಹಣ ಸುರಿದು ನೆಲ ಕೊಂಡವನಿಗೆ ಮುಂದೆ ಆಯ್ಕೆ ಉಳಿಯುವುದಿಲ್ಲ. ಚದರಡಿಗೆ ಅತಿ ಹೆಚ್ಚು ಹಣ ಹುಟ್ಟಿಸುವುದನ್ನೇ ಅವನು ಕಟ್ಟಬೇಕು. ಕಚೇರಿಗೆ ಬೇಡಿಕೆಯಿದ್ದಾಗ ಕಚೇರಿ, ಅದು ಕುಸಿದಾಗ ಐಷಾರಾಮದ ಫ್ಲ್ಯಾಟು. ಶಾಲೆ, ಸಣ್ಣ ಮನೆ, ತರಕಾರಿ ಮಾರುಕಟ್ಟೆ ಈ ಪೈಪೋಟಿಗೆ ಬರುವುದೇ ಇಲ್ಲ. ಅವುಗಳಿಗೆಂದು ಮೊದಲೇ ನೆಲ ತೆಗೆದಿಡದಿದ್ದರೆ ಆಮೇಲೆ ಕೊಂಡು ಕೊಡಲು ಪಾಲಿಕೆಗೂ ಆಗದು.

2001ರ ತಿದ್ದುಪಡಿಯ ವಿರುದ್ಧ ಬಾಂಬೆ ಎನ್ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ ಎಂಬ ಸಂಘಟನೆ ಹೈಕೋರ್ಟಿಗೆ ಹೋಯಿತು. ಮೊಕದ್ದಮೆ ನಡೆಯುತ್ತಿದ್ದಾಗಲೇ ಜುಲೈ 26ರ ಮಳೆ ಬಂತು. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನೀರು ಇಂಗಲು ಬಿಟ್ಟ ನೆಲ ಎಷ್ಟಿದೆ ಎಂಬ ಪ್ರಶ್ನೆ ಎಲ್ಲರ ಬಾಯಿಗೂ ಬಂದ ವರ್ಷ ಅದು. 2005ರ ಅಕ್ಟೋಬರ್ 17ರಂದು ಮುಖ್ಯ ನ್ಯಾಯಮೂರ್ತಿ ದಲವೀರ್ ಭಂಡಾರಿ ಮತ್ತು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ತೀರ್ಪು ಕೊಟ್ಟಿತು: ಷೆಡ್ಡು ಕೆಡವಿದ ಮೇಲೆ ಉಳಿಯುವ ನೆಲವೂ ಖಾಲಿ ಜಾಗವೇ. ಗೆದ್ದವರ ಸಂತೋಷ ಐದು ತಿಂಗಳೂ ಬಾಳಲಿಲ್ಲ. 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಆ ಅರ್ಥವನ್ನು ತಳ್ಳಿಹಾಕಿತು.

ಮಾಲೀಕರ ವಾದದಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳಲಾರೆ. 1991ರ ನಿಯಮ ಕಾಗದದ ಮೇಲೆ ಉದಾರವಾಗಿತ್ತು. ಹತ್ತು ವರ್ಷದಲ್ಲಿ ಊರಿಗೆ ದಕ್ಕಿದ್ದು ಅತ್ಯಲ್ಪ. ಜಮೀನು ಮಾರಾಟವಾಗದೆ ಕಾರ್ಮಿಕರ ಬಾಕಿಯೂ ತೀರುತ್ತಿರಲಿಲ್ಲ, ನ್ಯಾಯಾಲಯ ಅದನ್ನೂ ತೂಗಿ ನೋಡಿತು. ಯಾರೂ ಪಾಲಿಸದಷ್ಟು ದುಬಾರಿಯಾದ ಷರತ್ತು ಹಾಕುವುದಕ್ಕೂ ಎಲ್ಲವನ್ನೂ ಬಿಟ್ಟುಕೊಡುವುದಕ್ಕೂ ನಡುವೆ ಬಹಳ ದಾರಿಗಳಿದ್ದವು. ಕೊರಿಯಾ ತೋರಿಸಿದ್ದು ಅವುಗಳಲ್ಲೊಂದು.

ನಮ್ಮವರು ಇದನ್ನೆಲ್ಲ ದೂರದ ಊರಿನ ಸಂಗತಿ ಎಂದುಕೊಳ್ಳಬೇಕಾಗಿಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಮಂತ್ರಿ ಮಾಲ್ ನಿಂತಿದೆ, ಬಿನ್ನಿಪೇಟೆಯ ಮಿಲ್ಲಿನ ನೆಲದಲ್ಲಿ ಮಾಲೂ ಅಪಾರ್ಟ್‌ಮೆಂಟುಗಳೂ. ಮಿನರ್ವ ಮಿಲ್ಲಿನ ಹೆಸರು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ.  ನಮ್ಮಲ್ಲಿ ಮಿಲ್ಲಿನ ಜಾಗಕ್ಕೆ ಮೂರು ಪಾಲಿನ ಜಗಳವಾದರೂ ಆದ ನೆನಪು ನನಗಿಲ್ಲ.

2006ರ ತೀರ್ಪಿನ ನಂತರದ ವರ್ಷಗಳಲ್ಲಿ ಲೋವರ್ ಪರೇಲ್ ಕಣ್ಣೆದುರೇ ಬದಲಾಯಿತು. ಜುಪಿಟರ್, ಎಲ್ಫಿನ್‌ಸ್ಟನ್ ಮಿಲ್ಲುಗಳ ನೆಲದಲ್ಲಿ ಗಾಜಿನ ಕಚೇರಿ ಗೋಪುರಗಳು ಎದ್ದವು. ಶ್ರೀನಿವಾಸ ಮಿಲ್ಲಿನ ನೆಲದಲ್ಲಿ 280 ಮೀಟರ್ ಎತ್ತರದ ವರ್ಲ್ಡ್ ಒನ್ ಎಂಬ ಮನೆಗಳ ಗೋಪುರ. ನರಿಮನ್ ಪಾಯಿಂಟಿನ ಬ್ಯಾಂಕುಗಳು, ಕಂಪನಿಗಳು ಇಲ್ಲಿಗೂ ಬಾಂದ್ರಾ–ಕುರ್ಲಾಕ್ಕೂ ಗಂಟುಮೂಟೆ ಕಟ್ಟಿದವು. ದಕ್ಷಿಣ ತುದಿಯ ಒತ್ತಡ ತಗ್ಗಬೇಕೆಂದು 1965ರಿಂದ ಹಂಬಲಿಸಿದ್ದು ಒಂದು ರೀತಿಯಲ್ಲಿ ಈಡೇರಿತು. ಆದರೆ ಗಿರಣಿಯ ಜನಕ್ಕೂ ಕಚೇರಿಯ ಜನಕ್ಕೂ ಇರುವ ಒಂದು ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಿರಣಿಯವರು ಮೂರು ಪಾಳಿಯಲ್ಲಿ ಬರುತ್ತಿದ್ದರು, ಬಹುಪಾಲು ನಡೆದೇ ಬರುತ್ತಿದ್ದರು. ಕಚೇರಿಯವರೆಲ್ಲ ಬರುವುದು ಬೆಳಗಿನ ಒಂದೇ ಹೊತ್ತಿಗೆ, ವಿರಾರಿನಿಂದ, ಕಲ್ಯಾಣದಿಂದ, ಲೋಕಲ್ ರೈಲಿನಲ್ಲಿ. ಪಕ್ಕದಲ್ಲೇ ಏಳುತ್ತಿದ್ದ ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿ ಅವರಾರೂ ಇರುವಂತಿರಲಿಲ್ಲ. ಆ ಮನೆಗಳಲ್ಲಿರುವವರು ಲೋಕಲ್ ಹತ್ತುತ್ತಿರಲಿಲ್ಲ. ಕೆಲಸವೂ ಮನೆಯೂ ಒಂದೇ ಕಾಂಪೌಂಡಿನ ಆಚೀಚೆ ಇದ್ದರೂ ಒಂದಕ್ಕೊಂದು ಪ್ರಯೋಜನವಿಲ್ಲ.

ಪರಿಣಾಮವೆಲ್ಲ ಬಿದ್ದದ್ದು ನಿಲ್ದಾಣಗಳ ಮೇಲೆ. ಲೋವರ್ ಪರೇಲ್, ಎಲ್ಫಿನ್‌ಸ್ಟನ್ ರೋಡ್, ಕರಿ ರೋಡ್, ಪರೇಲ್: ಇವೆಲ್ಲ ಗಿರಣಿ ಕಾಲದ ಅಳತೆಯ ಸಣ್ಣ ನಿಲ್ದಾಣಗಳು, ಇಕ್ಕಟ್ಟಿನ ಮೆಟ್ಟಿಲುಗಳು. 2017ರ ಸೆಪ್ಟೆಂಬರ್ 29, ಆಯುಧಪೂಜೆಯ ಬೆಳಗ್ಗೆ, ಎಲ್ಫಿನ್‌ಸ್ಟನ್ ರೋಡಿಗೂ ಪರೇಲಿಗೂ ನಡುವಿನ ಪಾದಚಾರಿ ಸೇತುವೆಯ ಮೇಲೆ ಜನ ಮಳೆಗೆ ನಿಂತರು. ರೈಲಿನಿಂದ ಇಳಿದವರು ಕೆಳಗಿನಿಂದ ಮೇಲೇರುತ್ತಲೇ ಇದ್ದರು. ಹತ್ತೂವರೆಯ ಸುಮಾರಿಗೆ ನೂಕುನುಗ್ಗಲಾಗಿ 23 ಜನ ಸತ್ತರು. ಸೇತುವೆ ಅಗಲ ಮಾಡಿ ಎಂದು ಪ್ರಯಾಣಿಕರು ವರ್ಷಗಳಿಂದ ಕೇಳುತ್ತಲೇ ಇದ್ದರು. ಹೊಸ ಸೇತುವೆ ಕಟ್ಟಲು ಸೇನೆಯನ್ನು ಕರೆಸಿದರು. ಐದು ತಿಂಗಳಲ್ಲಿ, 2018ರ ಫೆಬ್ರವರಿಯಲ್ಲಿ, ಅದು ತೆರೆಯಿತು. ಅದೇ ವರ್ಷ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಕ್ಕೆ ಪ್ರಭಾದೇವಿ ಎಂದು ಹೆಸರಿಟ್ಟರು. ಅದೇ ವರ್ಷ ಜುಲೈನಲ್ಲಿ ಲೋವರ್ ಪರೇಲಿನ ಡಿಲಾಯಲ್ ಸೇತುವೆ ಅಪಾಯಕಾರಿ ಎಂದು ಮುಚ್ಚಿತು, ಪೂರ್ತಿಯಾಗಿ ಮತ್ತೆ ತೆರೆದದ್ದು 2023ರ ನವೆಂಬರಿನಲ್ಲಿ. ಎಕರೆಗೆ ನೂರು ಕೋಟಿ ಲೆಕ್ಕದ ನೆಲದ ನಡುವೆ ಒಂದು ಸೇತುವೆಗೆ ಐದು ವರ್ಷ!

ಕಾರ್ಮಿಕರ ಮನೆಗಳ ಸಂಗತಿ ಇನ್ನೂ ಮುಗಿದಿಲ್ಲ. ಮಾಡರ್ನ್ ಮಿಲ್ಲಿನಲ್ಲಿ ದುಡಿದಿದ್ದ ದತ್ತಾ ಇಸ್ವಲ್ಕರ್ 1980ರ ದಶಕದ ಕೊನೆಯಲ್ಲಿ ಮುಚ್ಚಿದ ಗಿರಣಿಗಳ ಕಾರ್ಮಿಕರನ್ನು ಸಂಘಟಿಸಿ, ಉಪವಾಸ ಕೂತು, ಮೆರವಣಿಗೆ ತೆಗೆದು, 2021ರಲ್ಲಿ ತೀರಿಕೊಳ್ಳುವವರೆಗೂ ಈ ಒಂದೇ ಬೇಡಿಕೆಯ ಬೆನ್ನು ಬಿಡಲಿಲ್ಲ. ಮ್ಹಾಡಾ ಮನೆಗೆ ಅರ್ಜಿ ಹಾಕಿದ ಕಾರ್ಮಿಕರೂ ವಾರಸುದಾರರೂ ಒಂದೂವರೆ ಲಕ್ಷದಷ್ಟು. 2012ರ ಜೂನಿನಲ್ಲಿ ಲಾಟರಿ ಎತ್ತಿದಾಗ ಇದ್ದದ್ದು 6,900 ಚಿಲ್ಲರೆ ಮನೆ, ಒಂದೊಂದೂ 225 ಚದರಡಿ. ಅಜ್ಜಂದಿರ ಚಾಳಿನ ಕೋಣೆಗಿಂತ 65 ಚದರಡಿ ಹೆಚ್ಚು. ಆಮೇಲೂ ಲಾಟರಿಗಳಾಗಿವೆ, ಮನೆ ಸಿಕ್ಕವರಿಗಿಂತ ಕಾಯುವವರೇ ಹೆಚ್ಚು. ವಿಚಿತ್ರವೆಂದರೆ ಬ್ರಿಟಿಷರ ಕಾಲದ ಆ 160 ಚದರಡಿಯ ಚಾಳುಗಳವರ ನಸೀಬೇ ಕೊನೆಗೆ ಕೊಂಚ ತೆರೆಯಿತು. ಅವುಗಳ ಮರುನಿರ್ಮಾಣವನ್ನು ಮ್ಹಾಡಾ ಕೈಗೆತ್ತಿಕೊಂಡು, ವರಳಿಯ ಮೊದಲ ಕಂತಿನ ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರಡಿಯ ಮನೆಗಳ ಕೀಲಿಕೈ ಕೊಟ್ಟಿತು. ಆ ನೆಲ ಸರ್ಕಾರದ್ದು, ಹರಾಜಿಗೆ ಹೋಗಿರಲಿಲ್ಲ. ವ್ಯತ್ಯಾಸ ಅಷ್ಟೇ.

ಮನೆ ಸಿಗದೆ ಉಳಿದ ಗಿರಣಿ ಕಾರ್ಮಿಕರಿಗೆ ಸರ್ಕಾರ ತೋರಿಸಿದ್ದು ಶೇಲು ಮತ್ತು ವಾಂಗಣಿ. ಮುಂಬಯಿಯ ಹೊರಗೆ, ಬದ್ಲಾಪುರ ದಾಟಿದ ಮೇಲೆ ಸಿಗುವ ರೈಲ್ವೆ ಹಳ್ಳಿಗಳು ಇವು. ಅಲ್ಲಿನ ಮನೆ ಬೇಡ ಎಂದವರು ಹಕ್ಕನ್ನೇ ಕಳೆದುಕೊಳ್ಳುತ್ತಾರೆ ಎಂಬ ಷರತ್ತು ಆದೇಶದಲ್ಲಿತ್ತು. ಅದರ ವಿರುದ್ಧ 2025ರ ಜುಲೈನಲ್ಲಿ ಆಜಾದ್ ಮೈದಾನದಲ್ಲಿ ಕಾರ್ಮಿಕರು ಕೂಡಿದರು. 1982ರಲ್ಲಿ ಮೂವತ್ತರ ಹರೆಯದಲ್ಲಿದ್ದವನಿಗೆ ಆಗ ಎಪ್ಪತ್ತಮೂರು. ಅವರ ಬೇಡಿಕೆ ಒಂದೇ ಸಾಲಿನದು: ರಾಷ್ಟ್ರೀಯ ಜವಳಿ ನಿಗಮದ ಬಳಿ ಗಿರಣಗಾಂವದಲ್ಲಿ ಇನ್ನೂ ಬೀಗ ಹಾಕಿದ ಗಿರಣಿಗಳಿವೆ, ನಮ್ಮ ಮನೆ ಅಲ್ಲೇ ಕಟ್ಟಿ.